ಹಾಲೆಮರದ ಕ್ಯಾಮೆರಾ

ನಮ್ಮೂರು ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ, ಮೈಸೂರು ರಸ್ತೆಯ ಪಕ್ಕದಲ್ಲಿದೆ. ಪಕ್ಕದಲ್ಲಿ ಅನ್ನುವುದಕ್ಕಿಂತ ರಸ್ತೆಯೇ ಊರಿನ ನಡುವೆ ಬಂದು ಮಲಗಿದೆ ಅನ್ನುವುದು ಸರಿ. ನಾನು ಚಿಕ್ಕವಳಿದ್ದಾಗ ಎರಡು ಲಾರಿ ಎದುರುಬದುರಾದರೆ ಒಂದು ಮಣ್ಣಿಗೆ ಇಳಿಯಬೇಕಿತ್ತು. ಈಚೆ ಕಡೆ ಮನೆಗಳು. ಆಚೆ ಕಡೆ ಹಾಲಿನ ಡೈರಿ, ಸ್ಕೂಲು, ಮಾರಮ್ಮನ ಗುಡಿ. ನಾನು ಬಿಡದಿಯಲ್ಲಿ ಕಾರಿನೊಳಗೆ ಹೋಗುವ ವೈರುಗಳನ್ನು ಕಂತೆ ಕಟ್ಟುವ ಕೆಲಸಕ್ಕೆ ಸೇರಿದ ಹೊತ್ತಿಗೆ ರಸ್ತೆ ಅಗಲವಾಯಿತು. ಸಾಲುಮರಗಳು ಹೋದವು, ನಮ್ಮ ಹಿಪ್ಪುನೇರಳೆ ತೋಟದ ಒಂದು ಅಂಚು ಹೋಯಿತು. ಡೈರಿ ಆಚೆಯೇ ಉಳಿಯಿತು, ಸ್ಕೂಲೂ ಆಚೆಯೇ ಉಳಿಯಿತು. ದಾಟುವುದಕ್ಕೆ ಒಂದು ಜಾಗ ಬೇಕು ಅಂತ ನಕ್ಷೆ ಬರೆದವರಿಗೆ ಹೊಳೆದಿರಲಿಲ್ಲ.

ಅಪ್ಪ ಗೊಂಬೆ ಮಾಡುತ್ತಿದ್ದ. ನಮ್ಮದು ಒಕ್ಕಲುತನದ ಮನೆ. ಅವನ ಅಣ್ಣತಮ್ಮಂದಿರೆಲ್ಲ ರೇಷ್ಮೆಹುಳು ಸಾಕಿಕೊಂಡಿದ್ದರು. ಇವನೊಬ್ಬ ಮಾತ್ರ ಚನ್ನಪಟ್ಟಣಕ್ಕೆ ಹೋಗಿ ಲೇತಿನ ಕೆಲಸ ಕಲಿತು ಬಂದು, ಹಿತ್ತಲ ಕೊಟ್ಟಿಗೆಯಲ್ಲಿ ಮೋಟಾರು ಇಟ್ಟುಕೊಂಡಿದ್ದ. ಹಾಲೆಮರದ ತುಂಡು ತಿರುಗುತ್ತಿರುವಾಗ ಬಣ್ಣದ ಅರಗು ಒತ್ತಿದರೆ ಬಿಸಿಗೆ ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ಒಣ ತಾಳೆಗರಿ ಹಿಡಿದು ತಿಕ್ಕಿದರೆ ಮುಖ ಕಾಣುವಷ್ಟು ಹೊಳಪು. ಆದರೆ ಆಗ ಗೊಂಬೆ ಕೊಳ್ಳುವವರು ಕಮ್ಮಿಯಾಗಿದ್ದರು. ಅಪ್ಪ ಕಾರಿನ ಸೀಟಿಗೆ ಹಾಸುವ ಮರದ ಮಣಿಗಳನ್ನು ಮೂಟೆಗಟ್ಟಲೆ ಕಡೆದು ಕೊಡುತ್ತಿದ್ದ. ‘ಸಾವುಕಾರರ ತಿಕಕ್ಕೆ ಮಣಿ ಪೋಣಿಸ್ತಾವ್ನಿ’ ಅಂತ ಬಂದವರಿಗೆಲ್ಲ ಹೇಳುತ್ತಿದ್ದ.

ಅವನ ಕೈ ಎಷ್ಟು ನಯವೋ ಬಾಯಿ ಅಷ್ಟು ಒರಟು. ಅವ್ವನಿಗೆ ಅವನು ಹೊಡೆದದ್ದನ್ನು ನಾನು ಕಂಡಿಲ್ಲ. ಹೊಡೆಯುವ ಅಗತ್ಯ ಅವನಿಗಿರಲಿಲ್ಲ. ‘ಈ ಸಾರ್ನ ನಾಯ್ಗೆ ಹಾಕುದ್ರೆ ನಾಯಿ ಊರ್ ಬುಟ್ಟು ಹೊಂಟೋಯ್ತದೆ’ ಎಂದು ತಟ್ಟೆ ಸರಿಸಿ ಏಳುತ್ತಿದ್ದ. ಅವ್ವ ಆ ತಟ್ಟೆಯಲ್ಲೇ ತಾನು ಉಣ್ಣುತ್ತಿದ್ದಳು.

ರಸ್ತೆ ಅಗಲವಾದ ಮೇಲೆ ಊರಲ್ಲಿ ಮೊದಲು ಸತ್ತದ್ದು ಅಪ್ಪನ ಚಿಕ್ಕಪ್ಪನ ಮಗಳು, ನನಗೆ ಅತ್ತೆ. ಬೆಳಗ್ಗೆ ಡೈರಿಗೆ ಹಾಲು ಹಾಕಲು ದಾಟುತ್ತಿದ್ದವಳಿಗೆ ಬಸ್ಸು ಗುದ್ದಿತು. ಅವಳನ್ನು ಹುಡುಕಲು ರಸ್ತೆಯುದ್ದ ನಡೆಯಬೇಕಾಯಿತು. ಹಾಲಿನ ಕ್ಯಾನು ಮಾತ್ರ ನಡುವಿನ ಕಟ್ಟೆಯ ಪಕ್ಕದಲ್ಲಿ, ಮುಚ್ಚಳ ಕೂಡ ಬೀಳದೆ ನಿಂತಿತ್ತು. ಯಾರೋ ಅದನ್ನು ಎತ್ತಿಕೊಂಡು ಹೋಗಿ ಡೈರಿಯಲ್ಲಿ ಅಳೆದು ಬಂದರು. ಹಾಲು ಕೆಡಬಾರದಲ್ಲ.

ಮಣ್ಣು ಮಾಡಿ ಬಂದ ಸಂಜೆ ಅಪ್ಪ ಜಗಲಿಯ ಮೇಲೆ ಕೂತು ಎಲ್ಲರಿಗೂ ಕೇಳುವ ಹಾಗೆ ಅಂದ: ‘ಅವಳ್ ಎಡಗಣ್ಗೆ ಪೊರೆ ಬಂದಿತ್ತು. ಕಣ್ ಕಾಣ್ದೋಳು ರೋಡ್ಗೆ ಯಾಕೆ ಇಳೀಬೇಕಿತ್ತು?’

ಅವ್ವ ಅವನಿಗೆ ತಿರುಗಿ ಮಾತಾಡಿದ್ದು ನನಗೆ ನೆನಪಿರುವ ಹಾಗೆ ಅದೊಂದೇ ಸಲ. ‘ನಿನ್ಗೆರಡೂ ಕಣ್ಣು ಸಂದಾಗವಲ್ಲ, ನೀನೇನ್ ಕಡಿದು ಕಟ್ಟೆ ಹಾಕ್ದೆ? ಕೊಟ್ಗೇಲಿ ಕುಂತ್ಕಂಡು ಮಣಿ ಕಡಿ ಹೋಗು’ ಎಂದಳು. ಅಪ್ಪ ಎದ್ದು ಕೊಟ್ಟಿಗೆಗೆ ಹೋದ.

ಊರವರು ರಸ್ತೆ ತಡೆದರು. ಹಂಪು ಹಾಕಿಸಿ ಎಂದು ಕೂತರು. ಹೈವೇಯಲ್ಲಿ ಹಂಪು ಹಾಕುವ ಹಾಗಿಲ್ಲ ಎಂದು ಉತ್ತರ ಬಂತು. ಊರ ಗಂಡಸರು ತಾವೇ ಜಲ್ಲಿ ತಂದು ಒಂದು ದಿಬ್ಬ ಮಾಡಿದರು. ಮಾರನೆಯ ದಿನ ಯಂತ್ರ ಬಂದು ಅದನ್ನು ಕೆರೆದುಕೊಂಡು ಹೋಯಿತು. ಮತ್ತೊಂದು ಸಾವಾಯಿತು, ಈ ಸಲ ಒಬ್ಬ ಮುದುಕ. ಮತ್ತೆ ಕೂತರು. ಆಗ ಪೊಲೀಸರು ಕ್ಯಾಮೆರಾ ಇರುವ ಜೀಪು ತಂದು ನಿಲ್ಲಿಸಿದರು.

ಅದನ್ನು ನೋಡಲು ಊರೇ ನೆರೆಯಿತು. ಜೀಪಿನೊಳಗೆ ಒಂದು ಸಣ್ಣ ಪರದೆ. ದೂರದಿಂದ ಬರುವ ಗಾಡಿಯ ಫೋಟೊ, ಪಕ್ಕದಲ್ಲಿ ಅದರ ವೇಗ. ಜೀಪು ನಿಂತಿದ್ದಷ್ಟು ದಿನ ಗಾಡಿಗಳು ಗಬ್ಬದ ಹಸುವಿನ ಹಾಗೆ ಮೆಲ್ಲಗೆ ಹೋದವು. ಆದರೆ ಎರಡೇ ದಿನಕ್ಕೆ ಎಲ್ಲ ಡ್ರೈವರುಗಳಿಗೂ ಸುದ್ದಿ ಮುಟ್ಟಿತು. ದಾಟಿ ಹೋದವನು ಎದುರಿಗೆ ಬರುವವನಿಗೆ ಲೈಟು ಮಿಣುಕಿಸಿ ಹೇಳುತ್ತಿದ್ದ. ಅವನು ನಮ್ಮೂರ ಮುಂದೆ ನಿಧಾನವಾಗಿ ಬಂದು, ಜೀಪು ಕಣ್ಮರೆಯಾದ ಕೂಡಲೇ ಮುಂದಿನ ಊರಿನವರ ಮೇಲೆ ಸೇಡು ತೀರಿಸಿಕೊಳ್ಳುವ ಹಾಗೆ ನುಗ್ಗುತ್ತಿದ್ದ. ಇಷ್ಟರ ಮೇಲೆ ಮೊದಲ ದಂಡದ ನೋಟಿಸು ಬಂದದ್ದು ನಮ್ಮೂರ ಪಂಚಾಯ್ತಿ ಮೆಂಬರಿಗೇ. ಮಾರಿ ಮೂರು ವರ್ಷವಾಗಿದ್ದ ಅವನ ಹಳೇ ಬೈಕನ್ನು ಮಾಗಡಿ ಕಡೆಯ ಯಾರೋ ಓಡಿಸಿಕೊಂಡು ಹೋಗಿದ್ದ. ಕೊಂಡವನು ಕಾಗದ ಬದಲಾಯಿಸಿಕೊಂಡಿರಲಿಲ್ಲ.

ಆಮೇಲೆ ಒಂದು ದಿನ ಜೀಪು ಬರಲಿಲ್ಲ. ಮೆಂಬರು ಹತ್ತಾರು ಜನರನ್ನು ಕಟ್ಟಿಕೊಂಡು, ರಸ್ತೆಯಲ್ಲಿ ಸಿಕ್ಕಿದ ಪೊಲೀಸ್ ಸಾಹೇಬರನ್ನು ನಿಲ್ಲಿಸಿ ಕೇಳಿದ. ನಾನು ಬಸ್ಸಿಗೆ ಕಾಯುತ್ತಾ ಅಲ್ಲೇ ಇದ್ದೆ.

‘ಸಾರ್, ನಮ್ಗೊಂದು ಕ್ಯಾಮ್ರಾ ಪರ್ಮನೆಂಟಾಗಿ ಹಾಕ್ಕೊಡಿ.’

‘ಇಡೀ ಜಿಲ್ಲೆಗೆ ಇರೋದು ಒಂದು ಕಣಯ್ಯ. ಅದರ ಬೆಲೆ ಕೇಳಿದ್ರೆ ನಿಮ್ಮೂರು ಹರಾಜು ಹಾಕಬೇಕು. ಜೊತೆಗೆ ದಿನಾ ಇಬ್ಬರು ಅದರ ಹತ್ರ ಕೂರಬೇಕು, ನನ್ ಹತ್ರ ಜನ ಎಲ್ಲಿದಾರೆ?’ ಸಾಹೇಬರು ಅಂದು ಖುಷಿಯಲ್ಲಿದ್ದರು. ನಗುತ್ತಾ ಸೇರಿಸಿದರು: ‘ಚನ್ನಪಟ್ಟಣದ ಸೀಮೆಯೋರು, ಮರದಲ್ಲಿ ಆನೆ ಕುದುರೆ ಮಾಡ್ತೀರಿ. ಒಂದು ಕ್ಯಾಮೆರಾನೂ ಮಾಡಿ ನೇತಾಕ್ರಿ. ಹೆದರೋರು ಹೆದರ್ತಾರೆ.’

ಎಲ್ಲರೂ ನಕ್ಕರು. ಜೀಪು ಹೊರಟುಹೋಯಿತು. ಮೆಂಬರು ಮಾತ್ರ ನಗು ನಿಲ್ಲಿಸಿ ನಮ್ಮ ಮನೆಯ ಕಡೆ ನೋಡಿದ.

ಅಪ್ಪ ಮೊದಲು ಅವನನ್ನು ಬೈದು ಕಳಿಸಿದ. ಎರಡನೆಯ ಸಲ ಬಂದಾಗ ಬೈಯಲಿಲ್ಲ. ‘ನಿಮ್ಮ ಕೈಲಿ ಆಗದಿದ್ರೆ ಹೇಳ್ಬುಡಿ, ಪ್ಯಾಟೇಲಿ ಕೇಳ್ತೀವಿ’ ಎಂದು ಮೆಂಬರು ಹೋದ ಮೇಲೆ, ಅಪ್ಪ ಅಂದು ರಾತ್ರಿ ಊಟಕ್ಕೆ ತಟ್ಟೆ ಸರಿಸದೆ ಸುಮ್ಮನೆ ಉಂಡ. ಬೆಳಗ್ಗೆ ಕೊಟ್ಟಿಗೆಯಲ್ಲಿ ಮೋಟಾರಿನ ಸದ್ದು ಕೇಳಿತು.

ಅವನು ಆ ಜೀಪಿನ ಹತ್ತಿರ ಹೋಗಿದ್ದನ್ನು ನಾನು ನೋಡಿರಲಿಲ್ಲ. ಆದರೆ ನೋಡಿಕೊಂಡು ಬಂದಿದ್ದ. ಉದ್ದನೆಯ ಪೆಟ್ಟಿಗೆ, ಮುಂದಕ್ಕೆ ಚಾಚಿದ ಕೊಳವೆ, ಕೊಳವೆಗೆ ಕಪ್ಪು ಅರಗು. ಹಳೇ ಟಾರ್ಚಿನ ಗಾಜು ತೆಗೆದು ಕಣ್ಣಿಗೆ ಕೂರಿಸಿದ. ಕೆಳಗೆ ಕೆಂಪು ಅರಗಿನ ಒಂದು ಗುಂಡಿ. ಗಾಡಿಯ ಲೈಟು ಬಿದ್ದರೆ ಅದು ಹೊತ್ತಿಕೊಂಡ ಹಾಗೆ ಕಾಣುತ್ತಿತ್ತು. ಮಳೆಗೆ ಬಿರಿಯದ ಹಾಗೆ ಮೇಲೊಂದು ತಗಡಿನ ಸೂರು. ನಾನು ಕಾರ್ಖಾನೆಯಿಂದ ಬಂದವಳು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೋಡಿದಾಗ ನನ್ನ ಕಾಲೇ ಹಿಂದೆ ಸರಿಯಿತು.

‘ವೈರ್ ಬೇಕಲ್ಲಪ್ಪ’ ಅಂದೆ. ‘ವೈರ್ ಇಲ್ದಿದ್ರೆ ಯಾರೂ ನಂಬಲ್ಲ.’

‘ನೀನ್ ಹೇಳ್ಬೇಕಾ ನಂಗೆ?’ ಎಂದ. ಆದರೆ ಮಾರನೆಯ ದಿನ ಕಪ್ಪು ವೈರು ಸಿಕ್ಕಿಸಿದ್ದ.

ಹಳೇ ಟೆಲಿಫೋನ್ ಕಂಬವೊಂದು ಊರ ಮುಂದೆ ಹಾಗೇ ನಿಂತಿತ್ತು. ಅದಕ್ಕೆ ಏರಿಸಿದರು. ಮೆಂಬರು ಬೆಂಗಳೂರಿಂದ ತರಿಸಿದ ಕ್ಯಾಮೆರಾ ಎಂದು ಅಕ್ಕಪಕ್ಕದ ಊರಲ್ಲೆಲ್ಲ ಹೇಳಿಕೊಂಡ. ನಮ್ಮೂರವರಿಗೆ ನಿಜ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ.

ಅದು ಕೆಲಸ ಮಾಡಿತು. ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಬೆಂಗಳೂರಿಂದ ಬರುವ ಕಾರುಗಳು ತಿರುವು ದಾಟಿ ಆ ಕಂಬ ಕಂಡ ಕೂಡಲೇ ಮೂತಿ ತಗ್ಗಿಸಿ ಬ್ರೇಕು ಒತ್ತುತ್ತಿದ್ದವು. ಆ ಸಂದಿಯಲ್ಲಿ ಮುದುಕಿಯರು ದಾಟಿದರು, ಸ್ಕೂಲಿನ ಮಕ್ಕಳು ದಾಟಿದವು. ಬೇಸಿಗೆ ಹೋಗಿ ಮಳೆಗಾಲ ಬಂದರೂ ನಮ್ಮೂರಲ್ಲಿ ಯಾರೂ ಸಾಯಲಿಲ್ಲ. ಹೆಂಗಸರು ಮೆಂಬರನನ್ನು ಹೊಗಳಿದರು. ಅಪ್ಪನಿಗೆ ಯಾರೂ ಒಂದು ಮಾತು ಹೇಳಲಿಲ್ಲ, ಮೆಂಬರು ಮರದ ದುಡ್ಡನ್ನೂ ಕೊಡಲಿಲ್ಲ.

ಅಪ್ಪನಿಗೆ ಅದು ಬೇಕಾಗಿರಲೂ ಇಲ್ಲ. ಅವನಿಗೆ ಬೇರೊಂದು ಸಿಕ್ಕಿತ್ತು. ಸಂಜೆಯಾದರೆ ಹೆಗಲಿಗೆ ಟವಲು ಹಾಕಿಕೊಂಡು ಹೋಗಿ ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂರುತ್ತಿದ್ದ. ಕಾರೊಂದು ಕಿರ್ರೆಂದು ಬ್ರೇಕು ಹಾಕಿದರೆ ತೊಡೆ ತಟ್ಟಿ ನಗುತ್ತಿದ್ದ. ‘ನೋಡ್ಲಾ, ನೋಡ್ಲಾ ಅವ್ನ್ ಮಕಾನ! ಟೈ ಕಟ್ಕಂಡವ್ನೆ, ನನ್ ಹಾಲೆಮರಕ್ಕೆ ಉಚ್ಚೆ ಹುಯ್ಕತಾವ್ನೆ.’ ಕೆಲಸವಿಲ್ಲದ ಗಂಡಸರು ಅವನ ಸುತ್ತ ಸೇರಿಕೊಂಡರು. ಯಾವ ಗಾಡಿ ಬ್ರೇಕು ಹೊಡೆಯುತ್ತದೆ, ಯಾವುದು ಹೊಡೆಯುವುದಿಲ್ಲ ಅಂತ ಬೀಡಿ ಪಂದ್ಯ ಕಟ್ಟಿದರು. ಟೈರು ಉಜ್ಜಿ ಹೊಗೆ ಎದ್ದರೆ ಸೀಟಿ ಹೊಡೆದರು. ಹಿಂದೆ ಬರುತ್ತಿದ್ದ ಸ್ಕೂಟರಿನವನು ಗಾಬರಿಬಿದ್ದು ಮಣ್ಣಿಗೆ ಇಳಿದು ಉರುಳಿದರೆ, ಎತ್ತುವುದಕ್ಕೆ ಮೊದಲು ಒಂದು ನಗು ನಕ್ಕು ಎದ್ದು ಹೋಗುತ್ತಿದ್ದರು. ಅಂಥವು ಮೂರ್ನಾಲ್ಕು ಆದವು. ಮಂಡಿ ತರಚಿಕೊಂಡವರು ಬೈದುಕೊಂಡು ಹೋದರು.

ಅವ್ವ ಒಂದು ಸಲ ಅಂದಳು, ‘ಯಾಕೋ ಈ ನಗಾಡೋದು ಸರಿ ಕಾಣಾಕಿಲ್ಲ.’ ಅಪ್ಪ ಅವಳ ಸಾರಿನ ಬಗ್ಗೆ ಏನೋ ಹೇಳಿದ. ಮಾತು ಅಲ್ಲಿಗೆ ನಿಂತಿತು.

ಆ ದಿನ ನಾನು ಕಾರ್ಖಾನೆಯ ಬಸ್ಸಿಳಿದು ರಸ್ತೆ ದಾಟಲು ನಿಂತಿದ್ದೆ. ಇನ್ನೂ ಚೆನ್ನಾಗಿ ಬೆಳಕಿತ್ತು. ಅಪ್ಪ ಆಗಿನ್ನೂ ಬಂದಿರಲಿಲ್ಲ, ಬೀಡಿ ಪಂದ್ಯದವರು ಮಾತ್ರ ಕಲ್ಲಿನ ಮೇಲಿದ್ದರು. ರಾಮನಗರದ ಕಡೆಯಿಂದ ಒಂದು ಬಿಳಿ ಕಾರು ಬಂತು. ಅದರ ಹಿಂದೆಯೇ ಒಂದು ಮೊಪೆಡ್ಡು, ಅದರ ಮೇಲೆ ಗಂಡ ಹೆಂಡತಿ. ಅವರ ಹಿಂದೆ ತರಕಾರಿ ತುಂಬಿದ ಟೆಂಪೊ. ಕಾರಿನವನು ಕಂಬ ನೋಡಿದ. ಬಹಳ ತಡವಾಗಿ ನೋಡಿದ ಅಂತ ಕಾಣುತ್ತದೆ, ಇದ್ದ ಬದ್ದ ಬಲವೆಲ್ಲ ಹಾಕಿ ಬ್ರೇಕು ತುಳಿದ. ಮೊಪೆಡ್ಡು ಕಾರಿನ ಹಿಂಭಾಗಕ್ಕೆ ಬಡಿಯಿತು. ಗಂಡ ಎಡಕ್ಕೆ ಬಿದ್ದ, ಹೆಂಡತಿ ಬಲಕ್ಕೆ ಬಿದ್ದಳು. ಟೆಂಪೊದವನು ಬಲಕ್ಕೇ ತಿರುಗಿಸಿದ್ದ.

ಕಲ್ಲಿನ ಮೇಲೆ ಕೂತವರಲ್ಲಿ ಒಬ್ಬ ಆಗಲೇ ಸೀಟಿ ಹೊಡೆದುಬಿಟ್ಟಿದ್ದ. ಬ್ರೇಕಿನ ಸದ್ದು ಕೇಳಿದ ಕೂಡಲೇ ಹೊಡೆಯುವುದು ಅವರಿಗೆ ಅಭ್ಯಾಸವಾಗಿತ್ತು. ಆ ಸೀಟಿ ಮುಗಿಯುವಷ್ಟರಲ್ಲಿ ಅವಳು ಸತ್ತಿದ್ದಳು.

ಕಾರು ಒಂದು ಕ್ಷಣ ನಿಂತಿತು. ಹಿಂದಿನ ಗಾಜಿನಲ್ಲಿ ಯಾರೋ ತಿರುಗಿ ನೋಡಿದ್ದು ನನಗೆ ಕಂಡಿತು. ಆಮೇಲೆ ಹೊರಟುಹೋಯಿತು. ನಂಬರು ಯಾರೂ ನೋಡಲಿಲ್ಲ. ಎಲ್ಲರ ಕಣ್ಣು ರಸ್ತೆಯ ಮೇಲಿತ್ತು. ಟೆಂಪೊದವನು ಗಾಡಿ ಬಿಟ್ಟು ತೋಟದೊಳಗೆ ಓಡಿದ. ಊರ ಗಂಡಸರು ಅವನನ್ನು ಹಿಡಿದು ತಂದು, ಪೊಲೀಸರು ಬರುವವರೆಗೂ ಸರದಿಯ ಮೇಲೆ ಹೊಡೆದರು. ಅವನ ಬಾಯಿಂದ ರಕ್ತ ಬಂದ ಮೇಲೂ ಬಿಡಲಿಲ್ಲ. ಹೊಡೆಯುತ್ತಿದ್ದಷ್ಟು ಹೊತ್ತೂ ಅವರಲ್ಲಿ ಒಬ್ಬನೂ ಕಂಬದ ಕಡೆ ಕತ್ತೆತ್ತಲಿಲ್ಲ.

ಸತ್ತವಳ ಗಂಡ ಕನಕಪುರದ ಕಡೆಯವನು. ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆಗೂಡು ಹಾಕಿ, ಚನ್ನಪಟ್ಟಣದಲ್ಲಿದ್ದ ಬಾಣಂತಿ ಮಗಳನ್ನು ನೋಡಲು ಇಬ್ಬರೂ ಹೊರಟಿದ್ದರಂತೆ. ಅವನ ಕೈ ಮುರಿದಿತ್ತು. ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಅವಳ ಪಕ್ಕದಲ್ಲಿ ಕೂತಿದ್ದ. ಪೊಲೀಸ್ ಸಾಹೇಬರು ಬಂದರು, ಅದೇ ಸಾಹೇಬರು. ‘ಏನಾಯ್ತಪ್ಪ?’ ಎಂದು ಕೇಳಿದರು. ಅವನು ಕಾರಿನ ವಿಷಯ ಹೇಳಿದ.

‘ನಂಬರ್ ನೋಡಿದ್ಯಾ?’

‘ಇಲ್ಲ ಸಾಮಿ’ ಎಂದ. ಆಮೇಲೆ ಕತ್ತೆತ್ತಿ ಕಂಬ ನೋಡಿದ. ಅವನ ಮುಖದಲ್ಲಿ ಏನೋ ಬಂತು. ಇಷ್ಟು ಹೊತ್ತು ನೆನಪಿಗೆ ಬರದೆ ಇದ್ದದ್ದು ಈಗ ಹೊಳೆಯಿತು ಅನ್ನುವ ಹಾಗೆ ಎದ್ದು ನಿಂತ. ‘ಕ್ಯಾಮ್ರಾ ಐತಲ್ಲ ಸಾಮಿ! ಅದ್ರಾಗೆ ಬಂದಿರ್ತದೆ. ಅದ್ರಾಗ್ ನೋಡಿ ಸಾಮಿ, ಈಗ್ಲೇ ನೋಡಿ, ಅಳುಸ್ಬುಟ್ಟಾರು.’

ಸಾಹೇಬರು ಕಂಬ ನೋಡಿದರು. ಅವರಿಗೆ ಅದೇನೆಂದು ಗೊತ್ತಿತ್ತು ಅಂತ ಆಗಲೂ ನಂಬಿದ್ದೆ, ಈಗಲೂ ನಂಬಿದ್ದೇನೆ. ದಿನಾ ಅದರ ಕೆಳಗೇ ಓಡಾಡುತ್ತಿದ್ದವರು. ಆದರೆ ಅವರು ಮೆಂಬರನ ಕಡೆ ತಿರುಗಿ, ‘ಯಾವ ಇಲಾಖೆಯವರು ಹಾಕಿದ್ದು ಇದು?’ ಎಂದು ಕೇಳಿದರು.

‘ಗೊತ್ತಿಲ್ಲ ಸಾರ್’ ಎಂದ ಮೆಂಬರು. ‘ಯಾರೋ ಬಂದು ಹಾಕೋದ್ರು.’

ಆ ಮನುಷ್ಯ ಪ್ರತಿಯೊಬ್ಬರ ಮುಂದೆಯೂ ಹೋಗಿ ನಿಂತ. ‘ಅಣ್ಣ, ಇದ್ರ ಪಟ ಎಲ್ಲಿಗ್ ಹೋಯ್ತದೆ? ಯಾವ ಆಫೀಸ್ಗೆ? ನಾನೇ ಹೋಯ್ತೀನಿ, ಅಡ್ರೆಸ್ ಹೇಳಿ’ ಎಂದು ಕೇಳಿದ. ಜನ ಹಿಂದೆ ಸರಿದರು. ಬೀಡಿ ಪಂದ್ಯದವರು ಆಗಲೇ ಇರಲಿಲ್ಲ. ಕೊನೆಗೆ ಅವನು ನನ್ನ ಮುಂದೆ ಬಂದ. ನನ್ನ ಕೊರಳಲ್ಲಿ ಕಾರ್ಖಾನೆಯ ಗುರುತಿನ ಕಾರ್ಡು ಇತ್ತು. ಅದನ್ನು ನೋಡಿ ಇವಳಿಗೆ ತಿಳಿದಿರುತ್ತದೆ ಅಂದುಕೊಂಡ ಅಂತ ಕಾಣುತ್ತದೆ.

‘ತಾಯಿ, ಓದಿದೋಳಂಗ್ ಕಾಣ್ತೀಯ. ನೀನಾರ ಹೇಳವ್ವ.’

‘ಅದು ಮರದ್ದು ಕಣಣ್ಣ’ ಅಂದೆ. ‘ಅದ್ರಲ್ಲಿ ಏನೂ ಬರಲ್ಲ.’

ಅವನಿಗೆ ಅರ್ಥವಾಗಲಿಲ್ಲ. ‘ಏನ್ ಬರಲ್ಲ?’ ಎಂದ.

‘ಪಟ ಬರಲ್ಲ. ಬರೀ ಮರ. ಗೊಂಬೆ.’

ಪೊಲೀಸಿನವನೊಬ್ಬ ಏಣಿ ತರಿಸಿ ಹತ್ತಿ ಅದನ್ನು ಬಿಚ್ಚಿ ಇಳಿಸಿದ. ನೆಲದ ಮೇಲಿಟ್ಟು ಬೂಟಿನ ತುದಿಯಿಂದ ತಟ್ಟಿದ. ಟೊಳ್ಳು ಸದ್ದು ಬಂತು. ಆ ಮನುಷ್ಯ ಬಗ್ಗಿ, ಸರಿಯಿದ್ದ ಕೈಯಿಂದ ಟಾರ್ಚಿನ ಗಾಜನ್ನು ಒರೆಸಿ, ಕಣ್ಣಿಟ್ಟು ಒಳಗೆ ನೋಡಿದ. ಒಳಗೆ ಏನೂ ಇಲ್ಲವೆಂದು ಹೇಳಿದ ಮೇಲೂ ನೋಡಿದ.

‘ಯಾರ್ರೀ ಮಾಡಿದ್ದು?’ ಎಂದರು ಸಾಹೇಬರು. ನಾನು ಬಾಯಿ ತೆರೆಯಬೇಕಾಗಿಯೇ ಇರಲಿಲ್ಲ. ಅಷ್ಟು ಹೊತ್ತು ಮೂಗರಾಗಿದ್ದ ಊರಿನ ಜನ, ಹೆಂಗಸರು ಕೂಡ, ಒಟ್ಟಿಗೆ ನಮ್ಮ ಮನೆಯ ಕಡೆ ಕೈ ತೋರಿಸಿದರು.

ಅಪ್ಪನನ್ನು ಪಂಚೆ ಬದಲಾಯಿಸಲೂ ಬಿಡದೆ ಜೀಪಿಗೆ ಹತ್ತಿಸಿದರು. ಅವನು ಮೆಂಬರನ ಹೆಸರು ಹೇಳಿದ, ಸಾಹೇಬರು ನಗುತ್ತಾ ಹೇಳಿದ್ದ ಮಾತನ್ನೂ ಹೇಳಿದ. ‘ನಾನು ಹಾಗೆ ಹೇಳಿದ್ದನ್ನ ಕೇಳಿದೋರು ಯಾರಾದ್ರೂ ಇದೀರಾ?’ ಎಂದು ಸಾಹೇಬರು ಗುಂಪನ್ನು ಕೇಳಿದರು. ‘ನಾನು ಕೇಳಿದೀನಿ ಸಾರ್’ ಎಂದೆ. ‘ನೀನು ಅವನ ಮಗಳಲ್ವಾ?’ ಎಂದರು. ಅಷ್ಟಕ್ಕೇ ಮುಗಿಯಿತು.

ಠಾಣೆಯಲ್ಲಿ ಅವನಿಗೆ ಯಾರೂ ಹೊಡೆಯಲಿಲ್ಲವಂತೆ. ಗೋಡೆಗೆ ಒರಗಿಸಿ ಕೂರಿಸಿದ್ದರು. ಆ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಬಂದವರೆಲ್ಲ ಎತ್ತಿ ತಿರುಗಿಸಿ ನೋಡಿದರು. ‘ಫಿನಿಶಿಂಗ್ ನೋಡ್ರೋ! ಒರಿಜಿನಲ್ಲೇ ಇಷ್ಟು ಚೆನ್ನಾಗಿಲ್ಲ’ ಎಂದು ಹೊಗಳಿದರು. ಅವನ ಕೆಲಸವನ್ನು ಅಷ್ಟು ಜನ ಅಷ್ಟು ಹೊತ್ತು ಕೈಯಲ್ಲಿ ಹಿಡಿದು ನೋಡಿದ್ದು ಅದೇ ಮೊದಲು. ಒಬ್ಬರು ತಮ್ಮ ಮಗುವಿಗೊಂದು ತಿರುಗುವ ಬುಗುರಿ ಮಾಡಿಕೊಡಲು ಹೇಳಿದರಂತೆ. ಇದನ್ನೆಲ್ಲ ಅವನು ಅವ್ವನಿಗೆ ಹೇಳಿದ. ನನಗೆ ಹೇಳಲಿಲ್ಲ.

ಅವನು ಬಿಡುಗಡೆಯಾಗಿ ಬರುವವರೆಗೆ ಅವ್ವ ಒಲೆ ಹಚ್ಚಿರಲಿಲ್ಲ. ಬೆಳಗ್ಗೆ ನಾನು ಕೆಲಸಕ್ಕೆ ಹೊರಟಾಗ ಬಾಗಿಲಲ್ಲಿ ನಿಂತು, ‘ಸತ್ಯ ಹೇಳೋದಿದ್ರೆ ಗಂಡನ್ ಮನೆಗ್ ಹೋಗಿ ಹೇಳಮ್ಮಿ. ಅಪ್ಪನ್ ಮನೇಲಿ ಬ್ಯಾಡ’ ಎಂದಳು. ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಯಾರೂ ನಿಲ್ಲಲಿಲ್ಲ. ಕೈ ತೋರಿಸಿದವರೆಲ್ಲ ಈಗ, ಸ್ವಂತ ಅಪ್ಪನನ್ನು ಹಿಡಿದುಕೊಟ್ಟವಳು ಎಂದು ನನ್ನನ್ನು ಆಡಿಕೊಳ್ಳುತ್ತಿದ್ದರು.

ಅಪ್ಪ ಬಂದವನು ಸ್ನಾನ ಮಾಡಿ ಕೂತ. ನಾನು ನೀರು ತಂದುಕೊಟ್ಟೆ. ತೆಗೆದುಕೊಳ್ಳಲಿಲ್ಲ. ‘ಅವ್ನು ಹೆಂಡ್ತಿ ಕಳ್ಕಂಡಿದ್ದ, ಬಾಯ್ ಬುಟ್ಟ. ನೀನ್ ಯಾರ್ನ ಕಳ್ಕಂಡಿದ್ದೆ ಅಂತ ಬಾಯ್ ಬುಟ್ಟೆ?’ ಎಂದ.

‘ಅವ್ನು ಕೇಳ್ತಿದ್ನಲ್ಲಪ್ಪ’ ಎಂದೆ. ಅದಕ್ಕಿಂತ ಹೆಚ್ಚಿನದೇನೂ ನನ್ನ ಹತ್ತಿರ ಇರಲಿಲ್ಲ, ಈಗಲೂ ಇಲ್ಲ.

ಆಮೇಲೆ ಒಂದು ಭಾನುವಾರ ಆ ಮನುಷ್ಯ ನಮ್ಮ ಮನೆ ಹುಡುಕಿಕೊಂಡು ಬಂದ. ಜೊತೆಗೆ ಅವನ ಅಳಿಯ ಇದ್ದ. ಮುರಿದ ಕೈಗೆ ಪಟ್ಟಿ ಹಾಕಿದ್ದರು, ತಲೆ ಬೋಳಿಸಿತ್ತು. ಜಗಲಿಯ ಮೇಲೆ ಕೂತರು. ಅವ್ವ ನೀರಿಟ್ಟಳು, ಅವರು ಮುಟ್ಟಲಿಲ್ಲ. ಜಗಳಕ್ಕೆ ಬಂದಿದ್ದಾರೆ ಎಂದು ನಾನು ಒಳಬಾಗಿಲಲ್ಲೇ ನಿಂತೆ. ಜಗಳವೇನೂ ಆಗಲಿಲ್ಲ.

‘ಮಾಡ್ದೋರ್ನ ಒಸಿ ನೋಡ್ಕಂಡ್ ಹೋಗಾವ ಅಂತ ಬಂದೆ’ ಎಂದ.

ಅಪ್ಪ ಒಂದು ಮೆತ್ತಗಿನ ಮಾತು ಆಡಬಹುದಿತ್ತು. ಅವನು ಆಡಿದ್ದು ಇದು: ‘ನೋಡ್ದಲ್ಲ. ನಾನೇನ್ ಬ್ರೇಕ್ ಹೊಡಿ ಅಂತ ಹೇಳಿರ್ನಿಲ್ಲ.’

‘ನಿಜ್ವಾದ ಕ್ಯಾಮ್ರಾ ಆಗಿದ್ರೆ ಕಾರಿನ ನಂಬರಾರ ಸಿಕ್ಕಿರೋದು.’

‘ನಿಜ್ವಾದ್ದಾಗಿದ್ರೂ ಅವ್ನು ಬ್ರೇಕ್ ಹೊಡೀತಿದ್ದ, ನೀನು ಗುದ್ತಿದ್ದೆ. ಅಷ್ಟು ಹತ್ರ ಯಾಕ್ ಹೋಗ್ತಿದ್ದೆ ಕಾರಿನ್ ಹಿಂದೆ? ನಿನ್ ಹೆಂಡ್ತಿ ತಲೆಗೆ ಹೆಲ್ಮೆಟ್ ಎಲ್ಲಿತ್ತು?’

ಅಳಿಯ ಎದ್ದು ನಿಂತ. ಆ ಮನುಷ್ಯ ಅವನನ್ನು ಕೈಹಿಡಿದು ಕೂರಿಸಿದ. ‘ಹೆಲ್ಮೆಟ್ಟು ಹ್ಯಾಂಡಲ್ಗೆ ಸಿಗಾಕಿದ್ದೆ’ ಎಂದು ತಪ್ಪು ಒಪ್ಪಿಕೊಳ್ಳುವವನ ಹಾಗೆ ಹೇಳಿದ. ನಮ್ಮ ಮನೆಗೆ ಕೇಳಲು ಬಂದವನು ನಮಗೇ ಸಮಜಾಯಿಷಿ ಕೊಟ್ಟು ಹೋದ. ಅವನು ಬೀದಿಯ ತಿರುವು ದಾಟುವವರೆಗೂ ಅಪ್ಪ ತಲೆಯೆತ್ತಿಯೇ ಕೂತಿದ್ದ. ಆಮೇಲೆ ಕೊಟ್ಟಿಗೆಗೆ ಹೋಗಿ ಮೋಟಾರು ಹಾಕಿದ. ಮರ ಕಡೆಯುವ ಸದ್ದು ಬರಲಿಲ್ಲ, ಮೋಟಾರು ಬರಿದೇ ತಿರುಗುತ್ತಿತ್ತು.

ಟೆಂಪೊದವನ ಮೇಲೆ ಒಂದು ಕೇಸು, ಅಪ್ಪನ ಮೇಲೆ ಇನ್ನೊಂದು. ಅಪ್ಪ ವರ್ಷಗಟ್ಟಲೆ ಕೋರ್ಟಿಗೆ ಅಲೆದ. ಟೆಂಪೊದವನ ಕಿವಿ ಅಂದಿನ ಹೊಡೆತಕ್ಕೆ ಕಿವುಡಾಗಿತ್ತು. ಕೋರ್ಟಿನ ಮೊಗಸಾಲೆಯಲ್ಲಿ ಕೂಗುವವನು ಅವನ ಹೆಸರು ಕೂಗಿದರೆ ಅವನಿಗೆ ಕೇಳಿಸದೆ, ಪಕ್ಕದಲ್ಲಿ ಕೂತ ಅಪ್ಪ ಮೊಣಕೈಯಿಂದ ತಿವಿದು ಎಬ್ಬಿಸಬೇಕಿತ್ತಂತೆ. ಕೊನೆಗೆ ಅಪ್ಪನಿಗೆ ಸಣ್ಣದೊಂದು ದಂಡ ಹಾಕಿ ಬಿಟ್ಟರು. ಮೆಂಬರು ಮುಂದಿನ ಚುನಾವಣೆಯಲ್ಲೂ ಗೆದ್ದ. ಕಂಬದಿಂದ ಪೆಟ್ಟಿಗೆ ಇಳಿದ ತಿಂಗಳೊಳಗೇ ನಮ್ಮೂರಲ್ಲಿ ಮತ್ತೆ ಸಾವು ಶುರುವಾಯಿತು. ಒಂದು ಸ್ಕೂಲಿನ ಹುಡುಗಿ, ಆಮೇಲೆ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬಳು.

ನನಗೆ ಮಾಗಡಿ ಕಡೆ ಗಂಡು ಗೊತ್ತಾಯಿತು. ಗಂಡಿನ ಕಡೆಯವರಿಗೆ ನಮ್ಮೂರವರು ಯಾರೋ ನನ್ನ ಕಥೆ ಹೇಳಿದ್ದರು. ಅವರು ಅದನ್ನೇ ಕಾರಣ ಮಾಡಿಕೊಂಡು ವರೋಪಚಾರ ಏರಿಸಿದರು. ಅಪ್ಪ ಧಾರೆ ಎರೆದ, ಹಸೆಮಣೆಯ ಮೇಲೂ ನನ್ನ ಜೊತೆ ಮಾತಾಡಲಿಲ್ಲ.

ನಿಜವಾದ ಕ್ಯಾಮೆರಾ ಬಂದದ್ದು ಅದಾದ ಮೇಲೆ. ಊರ ಮುಂದೆಯೇ ಎತ್ತರದ ಕಬ್ಬಿಣದ ಕಂಬ ನೆಟ್ಟು, ಒಂದು ಕಂಪನಿಯವರು ಬಂದು ಕೂರಿಸಿದರು. ಉದ್ಘಾಟನೆಗೆ ಶಾಮಿಯಾನ ಹಾಕಿದ್ದರಂತೆ, ಮೆಂಬರು ಹಾರ ಹಾಕಿಸಿಕೊಂಡನಂತೆ. ಕರೆಂಟು ಹೋದರೆ ಅದು ಕಣ್ಣು ಮುಚ್ಚುತ್ತಿತ್ತು, ಬೇಸಿಗೆಯಲ್ಲಿ ಗಾಜಿಗೆ ಧೂಳು ಹಿಡಿಯುತ್ತಿತ್ತು, ಒರೆಸುವುದು ಯಾರ ಕೆಲಸವೆಂದು ಇಲಾಖೆಗೂ ಕಂಪನಿಗೂ ಜಗಳ. ಆದರೂ ಗಾಡಿಗಳು ಬ್ರೇಕು ಹಾಕಿದವು. ದಾಟುವ ಜಾಗ ಮಾತ್ರ ಆಗಲೂ ಆಗಲಿಲ್ಲ. ಕ್ಯಾಮೆರಾ ಇದೆಯಲ್ಲ, ಇನ್ನೇನು ಬೇಕು ಎಂದರು.

ಒಂದು ಹಬ್ಬಕ್ಕೆ ನಾನು ತವರಿಗೆ ಬಂದಿದ್ದಾಗ ಅವ್ವ ಸುದ್ದಿ ಹೇಳಿದಳು. ಹಿಂದಿನ ವಾರ ಅದೇ ಜಾಗದಲ್ಲಿ ಕಾರೊಂದು ಗಕ್ಕನೆ ನಿಂತು, ಹಿಂದಿದ್ದ ಹಾಲಿನ ವ್ಯಾನು ಅದಕ್ಕೆ ಗುದ್ದಿ, ವ್ಯಾನಿನ ಹುಡುಗನ ಕಾಲು ಹೋಯಿತು. ಕಾರು ನಿಲ್ಲದೆ ಹೊರಟುಹೋಯಿತು. ಈ ಸಲ ಪೊಲೀಸರು ಕ್ಯಾಮೆರಾ ತೆಗೆಸಿ ನೋಡಿದರಂತೆ. ಮಿತಿ ಮೀರಿ ಹೋದವರನ್ನು ಮಾತ್ರ ಅದು ಹಿಡಿಯುತ್ತದೆ. ಕಾರಿನವನು ಬ್ರೇಕು ಹಾಕಿ ಮಿತಿಯೊಳಗೆ ಬಂದಿದ್ದನಲ್ಲ, ಅವನ ಫೋಟೊ ಇರಲಿಲ್ಲ. ವ್ಯಾನಿನದು ಇತ್ತು, ನಂಬರು ಕೂಡ ಸ್ಪಷ್ಟವಾಗಿತ್ತು. ದಂಡದ ನೋಟಿಸು ಆ ಹುಡುಗನ ಆಸ್ಪತ್ರೆಯ ಮಂಚಕ್ಕೇ ಬಂದು ಮುಟ್ಟಿತ್ತು.

ಅಪ್ಪ ಗೋಡೆಗೆ ಒರಗಿ ಹೋಳಿಗೆ ತಿನ್ನುತ್ತಿದ್ದ. ಅವನ ಹಲ್ಲು ಅಷ್ಟರಲ್ಲಿ ಬಹಳಷ್ಟು ಹೋಗಿದ್ದವು. ಕೇಳಿಸಿಕೊಂಡು ನಗಲು ಶುರು ಮಾಡಿದ. ಮೊದಲು ಮೆಲ್ಲಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ, ಬಾಯಲ್ಲಿದ್ದದ್ದು ಎದೆಯ ಮೇಲೆ ಉದುರುವ ಹಾಗೆ. ‘ಕಾಲೂ ಹೋಯ್ತು, ದಂಡಾನೂ ಬಂತು!’ ಎಂದು ತೊಡೆ ತಟ್ಟಿದ. ಹೇಳುತ್ತಾ ಮತ್ತೆ ನಕ್ಕ. ಆ ಹುಡುಗ ನಮ್ಮ ಪಕ್ಕದ ಬೀದಿಯವನು. ಅವನ ತಾಯಿ ನಮ್ಮ ಹಿತ್ತಲಿಗೆ ಅಂಟಿದ ಬಾವಿಯಲ್ಲಿ ನೀರು ಸೇದುತ್ತಿದ್ದಳು, ರಾಟೆಯ ಸದ್ದು ನಿಂತಿತ್ತು.

ಅವ್ವ ಎದ್ದು ಹೋಗಿ ಹಿತ್ತಲ ಬಾಗಿಲು ಹಾಕಿದಳು.